ಇಮ್ಯುನಿಟಿ ಬೆಳೀತದ ಬಿಡ್ರಿ

ಪುಣೆಯಲ್ಲಿ ಪಾಳಣಾಘರ ಎಂದು ಕರೆಯುವ ಶಿಶುಪಾಲನಾ ಕೇಂದ್ರಕ್ಕೆ ಮಗುವನ್ನು ಸೇರಿಸುವಾಗ ಎರಡು ಜೊತೆ ಬಟ್ಟೆ, ಒಂದು ದುಪ್ಪಟಿ, ನೀರಿನ ಬಾಟಲಿ, ಲಸಿಕೆ ಪುಸ್ತಕದ ಜೆರಾಕ್ಸ್ ಮತ್ತು ಮುಂಗಡ ಹಣ ಇಸಿದುಕೊಳ್ಳುತ್ತಾರೆ. ಪ್ರತಿಯಾಗಿ ಅವರು ಏನು ಕೊಡುತ್ತಾರೆ ಎಂಬುದು ಮೊದಲ ವಾರದ ಕೊನೆಗೆ ತಿಳಿಯುತ್ತದೆ. ನಮ್ಮ ಪುಟ್ಟನಿಗೆ ಮೊದಲು ನೆಗಡಿ ಕೊಟ್ಟರು. ಅದು ಇಳಿಯುವಷ್ಟರಲ್ಲಿ ಕೆಮ್ಮು ಕೊಟ್ಟರು. ಕೆಮ್ಮೂ ಹೋಯಿತೆಂದು ಖುಷಿಯಾಗಿ ಒಂದು ಭಾನುವಾರ ಸಿಂಹಗಡ ಹತ್ತಿ, ಪಿಠಲಾ ಭಾಕರಿ ತಿಂದು, ಮಡಕೆ ಮೊಸರು ಸವಿದು ಬಂದೆವು. ಸೋಮವಾರ ವಾಂತಿ-ಭೇದಿ ಕೊಟ್ಟರು. ಯಾವುದಕ್ಕೂ ಬೇರೆ ಶುಲ್ಕ ಹಚ್ಚಲಿಲ್ಲ.

ಇದನ್ನು ಯಾರ ಮುಂದೆ ಹೇಳಿಕೊಂಡರೂ ಬರುವ ಉತ್ತರ ಒಂದೇ. ಲಿಫ್ಟಿನಲ್ಲಿ ಸಿಕ್ಕ ಕಾಕೂ ಮರಾಠಿಯಲ್ಲಿ ಹೇಳಿದರು, ಆಫೀಸಿನ ಮ್ಯಾನೇಜರು ಇಂಗ್ಲಿಷಿನಲ್ಲಿ ಹೇಳಿದರು, ಧಾರವಾಡದಿಂದ ಫೋನ್ ಮಾಡಿದ ನಮ್ಮ ಅವ್ವ ಕನ್ನಡದಲ್ಲಿ ಹೇಳಿದಳು: "ಇಮ್ಯುನಿಟಿ ಬೆಳೀತದ ಬಿಡು." ನಾನು ಗಮನಿಸಿದ್ದೇನೆ, ಈ ಮಾತನ್ನು ಹೇಳುವವರಾರೂ ಮರುದಿನ ರಜೆ ಹಾಕಬೇಕಾದವರಲ್ಲ. ಅವರ ಮಕ್ಕಳೆಲ್ಲ ಬೆಳೆದು ಅಮೆರಿಕ ಸೇರಿರುತ್ತಾರೆ, ಇಲ್ಲವೇ ಮಗು ಹಗಲು ಹೊತ್ತು ಅಜ್ಜಿಯ ತೊಡೆಯ ಮೇಲಿರುತ್ತದೆ. ಇಮ್ಯುನಿಟಿ ಬೆಳೆಯುವುದು ಪುಟ್ಟನಿಗೆ, ಕರಗುವುದು ನನ್ನ ರಜೆ. ಈ ಲೆಕ್ಕ ಅವರಿಗೆ ಹತ್ತುವುದಿಲ್ಲ.

ಮಕ್ಕಳ ಡಾಕ್ಟರೂ ಅದನ್ನೇ ಹೇಳಿದರು, ಆದರೆ ಅಂಕಿ ಸಮೇತ. ಪಾಳಣಾಘರಕ್ಕೆ ಹೋಗುವ ಮಗುವಿಗೆ ವರ್ಷಕ್ಕೆ ಎಂಟು-ಹತ್ತು ಸಲ ನೆಗಡಿ-ಜ್ವರ ಬಂದರೆ ಅದು ರೋಗವಲ್ಲವಂತೆ, ಹಾಜರಿಯಂತೆ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ ನೂರೈವತ್ತಕ್ಕೂ ಮೇಲೆ ಬಗೆಗಳಿವೆ. ಒಂದನ್ನು ಮೈ ಗುರುತಿಟ್ಟುಕೊಂಡರೆ ಇನ್ನೊಂದಕ್ಕೆ ಆ ಗುರುತು ನಡೆಯುವುದಿಲ್ಲ. ನೆಗಡಿಗೆ ಲಸಿಕೆ ಇಲ್ಲದಿರುವುದೂ ಇದೇ ಕಾರಣಕ್ಕೆ. ನನ್ನ ಗಂಡ ಹಿಂಜವಡಿಯಲ್ಲಿ ಸಾಫ್ಟ್‌ವೇರಿನವರು; ಅಂಕಿ ಕಂಡರೆ ಭಾಗಿಸದೆ ಬಿಡುವವರಲ್ಲ. ದವಾಖಾನೆಯ ಮೆಟ್ಟಿಲಲ್ಲೇ ಲೆಕ್ಕ ಮುಗಿಸಿದರು. "ನೂರರವತ್ತು ಬಗೆ ಅಂತ ಹಿಡಿ, ವರ್ಷಕ್ಕೆ ಎಂಟು. ಇಪ್ಪತ್ತು ವರ್ಷಕ್ಕೆ ಸಿಲೆಬಸ್ ಮುಗಿಯುತ್ತೆ. ಆಗ ಇವನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿರ್ತಾನೆ." ಈ ಮನುಷ್ಯನಿಗೆ ಸಮಾಧಾನ ಹೇಳುವ ಕಲೆ ಯಾರೂ ಕಲಿಸಿಲ್ಲ.

ವೈರಸ್ಸುಗಳ ವಿಷಯದಲ್ಲಿ ನಾವಿರುವ ಊರೂ ಸಾಮಾನ್ಯದ್ದಲ್ಲ. 1952ರಲ್ಲಿ ಇಲ್ಲಿ ಶುರುವಾದ ವೈರಸ್ ರಿಸರ್ಚ್ ಸೆಂಟರ್ 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿದೆ. 1966ರಲ್ಲಿ ಹುಟ್ಟಿದ ಸೀರಮ್ ಇನ್‌ಸ್ಟಿಟ್ಯೂಟ್ ಹಡಪಸರದಿಂದ ಲೋಕಕ್ಕೆಲ್ಲ ಲಸಿಕೆ ಕಳಿಸುತ್ತದೆ. ಪಾಷಾಣ ಬಡಾವಣೆಯಲ್ಲಿರುವ ವೈರಾಣು ಸಂಸ್ಥೆಯ ಪ್ರಯೋಗಾಲಯದಲ್ಲಿ ಅತಿ ಭಯಂಕರ ವೈರಸ್ಸುಗಳ ಹತ್ತಿರ ಹೋಗುವವರು ಗಾಳಿ ತುಂಬಿದ ಉಡುಪು ತೊಟ್ಟು ಹೋಗುತ್ತಾರೆ. ನಮ್ಮ ಪಾಳಣಾಘರದಲ್ಲಿ ಚಪ್ಪಲಿ ಹೊರಗೆ ಬಿಟ್ಟರೆ ಸಾಕು.

ನಮ್ಮ ಮಾವನವರು ಸೊರಬದ ಕಡೆಯವರು. 1957ರಲ್ಲಿ ಅವರ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಅದಕ್ಕೆ ಕಾರಣವಾದ ವೈರಸ್ಸನ್ನು ಹಿಡಿದವರು ಇದೇ ಪುಣೆಯವರು. ಅಂದಿನಿಂದ ಊರಿನ ಹೆಸರು ಕಾಯಿಲೆಯ ಹೆಸರಾಗಿ ವೈದ್ಯಕೀಯ ಪುಸ್ತಕ ಸೇರಿತು. ಆ ಗೌರವ ಮಾವನಿಗೆ ಇವತ್ತಿಗೂ ಅರಗಿಲ್ಲ. ಪುಟ್ಟನ ಅಂಗೈ, ಅಂಗಾಲು, ಬಾಯಿಯಲ್ಲೆಲ್ಲ ಗುಳ್ಳೆ ಎದ್ದು, ಡಾಕ್ಟರು ಕಾಕ್ಸಾಕಿ ವೈರಸ್ ಎಂದಾಗ ಮಾವ ವಿಡಿಯೋ ಕಾಲಿನಲ್ಲಿ ಆ ಹೆಸರಿನ ಮೂಲ ಕೇಳಿದರು. ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರು, 1940ರ ದಶಕದಲ್ಲಿ ಅಲ್ಲಿಯ ಮಕ್ಕಳಲ್ಲಿ ಮೊದಲು ಸಿಕ್ಕಿತು ಎಂದೆ. ಮಾವನ ಮುಖ ಅರಳಿತು. "ಹೌದಾ? ಹಾಗಾದ್ರೆ ಅವರ ಮರ್ಯಾದೆಯೂ ಹೋಗಿದೆ ಅನ್ನು." ಮೊಮ್ಮಗನ ಜ್ವರ ಎಷ್ಟಿದೆ ಎಂದು ಕೇಳುವುದು ಅಂದು ಅವರಿಗೆ ಮರೆತೇಹೋಯಿತು.

ಇನ್ನು ನನ್ನ ವಿಷಯ. ನಾನು ಪತ್ತೇದಾರಳಾದೆ. ಪ್ರತಿ ಜ್ವರಕ್ಕೂ ಒಬ್ಬ ಮೂಲಪುರುಷ ಇರಲೇಬೇಕೆಂದು, ದಿನಸಿ ಲೆಕ್ಕದ ವಹಿಯ ಹಿಂಬದಿಯಿಂದ ಒಂದು ದಾಖಲೆ ಶುರುಮಾಡಿದೆ. ಸೋಮವಾರ ಯಾರ ಮೂಗು ಸೋರುತ್ತಿತ್ತು, ಸಿಂಬಳ ತಿಳಿಯೋ ಹಸಿರೋ, ಯಾರು ಯಾರ ಬಿಸ್ಕತ್ತು ಚೀಪಿದರು, ಎಲ್ಲ ಅದರಲ್ಲಿತ್ತು. ಸಂಜೆ ಪುಟ್ಟನನ್ನು ಕರೆತರುವ ನೆಪದಲ್ಲಿ ಬಾಗಿಲಲ್ಲಿ ನಿಂತು ಎಲ್ಲ ಮೂಗುಗಳನ್ನೂ ತಪಾಸಣೆ ಮಾಡುತ್ತಿದ್ದೆ. ನೀಲಿ ಟೋಪಿಯ ಒಬ್ಬ ಹುಡುಗನ ಮೇಲೆ ನನಗೆ ಭಾರೀ ಗುಮಾನಿ. ಮುಖ ನೋಡಿದರೆ ದೇವರಂಥ ಮಗು. ಅವನು ಸೀನಿದ ಮೂರನೇ ದಿನಕ್ಕೆ ನಮ್ಮ ಬಡಾವಣೆ ವಾಕಡಿನ ಅರ್ಧ ಜನ ರಜೆ.

ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಯಾರ ಮಗುವಿಗೂ ಜ್ವರ ಬಂದದ್ದೇ ಇಲ್ಲ. ಒಬ್ಬರ ಮಗುವಿಗೆ ಹಲ್ಲು ಬರುತ್ತಿರುತ್ತದೆ, ಇನ್ನೊಬ್ಬರದಕ್ಕೆ ಅಲರ್ಜಿ, ಮತ್ತೊಬ್ಬರದು ಎಸಿ ಗಾಳಿ. ಜ್ವರ ಬಿಟ್ಟು ಒಂದು ದಿನವಾಗದೆ ಕಳಿಸಬೇಡಿ ಎಂದು ಪಾಳಣಾಘರದ ಗೋಡೆಯ ಮೇಲೆ ಬರೆದಿದೆ. ಬೆಳಿಗ್ಗೆ ಎಂಟಕ್ಕೆ ಪ್ಯಾರಾಸಿಟಮಾಲ್ ಹಾಕಿದರೆ ಮೈ ತಣ್ಣಗಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಾಯುತ್ತದೆ, ಅಷ್ಟರಲ್ಲಿ ಒಂದು ಮೀಟಿಂಗ್ ಮುಗಿದಿರುತ್ತದೆ. ಈ ವಿದ್ಯೆ ತಮಗೊಬ್ಬರಿಗೇ ಗೊತ್ತೆಂದು ಗುಂಪಿನ ಪ್ರತಿಯೊಬ್ಬರೂ ನಂಬಿದ್ದಾರೆ. ಆದರೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮಾವಶಿಗೆ, ಅಂದರೆ ಮರಾಠಿಯ ಚಿಕ್ಕಮ್ಮನಿಗೆ, ಎಲ್ಲ ಗೊತ್ತು. ಮಗುವನ್ನು ಎತ್ತಿಕೊಳ್ಳುವಾಗಲೇ ಕುತ್ತಿಗೆಯ ಹಿಂದೆ ಅಂಗೈ ಇಟ್ಟು ನಮ್ಮ ಮುಖ ನೋಡುತ್ತಾಳೆ. ಏನೂ ಅನ್ನುವುದಿಲ್ಲ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ: "ತಾಈ, ಬಾಳಾಲಾ ತಾಪ ಆಲಾಯ್, ಘೇಊನ್ ಜಾ."

ಜ್ವರ ಬಂತು, ಒಯ್ಯಿರಿ. ಯಾರು ಒಯ್ಯಬೇಕು ಎಂಬುದರ ಮೇಲೆ ನಮ್ಮ ದಾಂಪತ್ಯ ನಿಂತಿದೆ. ಅದರ ವಿವರ ಇಲ್ಲಿ ಬೇಡ. ಅವರ ರಿಲೀಸು, ನನ್ನ ಕ್ಲೈಂಟು, ಕೊನೆಗೆ ಧಾರವಾಡದಿಂದ ಅವ್ವ. ಪುಣೆ-ಹುಬ್ಬಳ್ಳಿ ನಡುವೆ 2024ರಲ್ಲಿ ವಂದೇ ಭಾರತ ರೈಲು ಬಿಟ್ಟದ್ದು ಪ್ರವಾಸೋದ್ಯಮಕ್ಕೆಂದು ಸರಕಾರ ತಿಳಿದಿರಬಹುದು. ಅಜವಾನದ ಗಂಟು, ಬಜೆ ಬೇರು, ಮೆಣಸಿನಹಿಟ್ಟು ಹೊತ್ತು ಅದರಲ್ಲಿ ಬರುವ ಅಜ್ಜಿಯರನ್ನು ಒಮ್ಮೆ ಎಣಿಸಿ ನೋಡಲಿ. ಅವ್ವ ಬಂದವಳೇ ಉಪ್ಪು-ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದಳು. ಹೊಗೆಗೆ ಪುಟ್ಟ ಕೆಮ್ಮಿದ, ನಾವೂ ಕೆಮ್ಮಿದೆವು, ಎದುರು ಫ್ಲ್ಯಾಟಿನವರು ಬಾಗಿಲು ಬಡಿದರು. "ನೋಡು, ಎಂಥಾ ದೃಷ್ಟಿ ಆಗಿತ್ತು!" ಎಂದಳು ಅವ್ವ.

ಆದರೂ ಆ ಸಲದ ಜ್ವರ ಬಿಡಲಿಲ್ಲ. ನೆಗಡಿ ಇಲ್ಲ, ಕೆಮ್ಮಿಲ್ಲ, ಬರೀ ಜ್ವರ. ಡಾಕ್ಟರು ಮೂತ್ರ ಪರೀಕ್ಷೆ ಬರೆದರು. ಬೆಳಗಿನ ಮೊದಲ ಮೂತ್ರ, ಮೊದಲ ನಾಲ್ಕು ಹನಿ ಬಿಟ್ಟು ನಡುವಿನದು, ಬಾಟಲಿಯ ಒಳಗೆ ಯಾರ ಬೆರಳೂ ತಾಗಕೂಡದು. ಒಯ್ಯುವ ಹುಡುಗ ಏಳಕ್ಕೆ ಬರುತ್ತಾನೆ.

ಆರು ಗಂಟೆಗೆ ಬಚ್ಚಲಲ್ಲಿ ಸಭೆ ಸೇರಿತು. ಪುಟ್ಟ ಸ್ಟೂಲಿನ ಮೇಲೆ ನಿಂತ. ಇವರು ಮೊಣಕಾಲೂರಿ, ಕೆಂಪು ಮುಚ್ಚಳ ತೆಗೆದ ಬಾಟಲಿ ಹಿಡಿದು ಕೂತರು. ನಾನು ನಳ ಬಿಟ್ಟೆ. ನೀರಿನ ಸದ್ದು ಕೇಳಿದರೆ ಬರುತ್ತದೆ ಎಂಬುದು ಅವ್ವನ ಶಾಸ್ತ್ರ. ಅವ್ವ "ಸ್ಸ್... ಸ್ಸ್..." ಎಂದಳು. ಪುಟ್ಟ ಅವಳನ್ನು ಕುತೂಹಲದಿಂದ ನೋಡಿದ. ನಾನೂ ಸ್ಸ್ ಎಂದೆ. ಇವರೂ ಎಂದರು. ಸೊರಬದಿಂದ ವಿಡಿಯೋ ಕಾಲಿನಲ್ಲಿದ್ದ ಮಾವ, ಈ ಕೆಲಸಕ್ಕೆ ಹೆಣ್ಣುಮಕ್ಕಳ ದನಿ ಸಾಲದು ಎಂದು, ಗಂಟಲು ಸರಿಮಾಡಿಕೊಂಡು ದೊಡ್ಡದಾಗಿ ಸ್ಸ್ ಎಂದರು. ಅವರ ಹಿಂದೆ ಎಲ್ಲೋ ಕರು ಅಂಬಾ ಎಂದಿತು. ಎರಡು ರಾಜ್ಯ ಸೇರಿ ಸ್ಸ್ ಎಂದರೂ ಪುಟ್ಟ ಕದಲಲಿಲ್ಲ.

ಎಳನೀರು ಕುಡಿಸಿದೆವು. ನಿಲ್ಲಿಸಿದೆವು. ಇಲ್ಲ. ತಿಳಿಸಾರು ಕುಡಿಸಿದೆವು. ನಿಲ್ಲಿಸಿದೆವು. ಇಲ್ಲ. ನಳದ ಸದ್ದು ತನ್ನ ಕೆಲಸ ಮಾಡುತ್ತಲೇ ಇತ್ತು, ಆದರೆ ಬೇರೆಯವರ ಮೇಲೆ. ಮೊದಲು ಇವರು ಬಾಟಲಿಯನ್ನು ನನ್ನ ಕೈಗಿತ್ತು ಇನ್ನೊಂದು ಬಾತ್‌ರೂಮಿಗೆ ಓಡಿದರು. ಆಮೇಲೆ ಅವ್ವ. ಫೋನಿನಲ್ಲಿ ಮಾವ "ಒಂದ್ನಿಮಿಷ ಬಂದೆ" ಎಂದು ಮಾಯವಾದರು. ಪರದೆಯ ಮೇಲೆ ಅಡಕೆ ಗೊನೆ ಮಾತ್ರ ಉಳಿಯಿತು. ಪರೀಕ್ಷೆ ಬೇಕಾದವನೊಬ್ಬನನ್ನು ಬಿಟ್ಟು ವಂಶವೆಲ್ಲ ಸ್ಯಾಂಪಲ್ ಕೊಟ್ಟಿತು.

"ಪುಟ್ಟಾ, ಬಂಗಾರಾ, ಇದರಾಗ ಮಾಡೋ" ಎಂದು ನಾನು ಅಂಗಲಾಚಿದೆ. ಆಗ ಅವನು ಬಾಯಿಬಿಟ್ಟ. ಬಾಟಲಿಯ ಕಡೆ ಬೆರಳು ತೋರಿಸಿ, ಬಹಳ ತಾಳ್ಮೆಯಿಂದ, ದಡ್ಡರಿಗೆ ತಿಳಿಹೇಳುವ ದನಿಯಲ್ಲಿ, "ಪಾಣ್ಯಾಚೀ ಬಾಟಲೀ" ಎಂದ. ಬಾಟಲಿ ಇರುವುದು ನೀರಿಗೆ. ಪಾಳಣಾಘರದಲ್ಲಿ ಹಾಗೆಯೇ ಕಲಿಸಿದ್ದಾರೆ. ಜ್ವರದಲ್ಲೂ ಶಿಸ್ತು ಬಿಡದ ಮಗನ ಎದುರು ಬಾಟಲಿ ಹಿಡಿದು ಕೂತ ತಾಯಿಗೆ ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಕಲಿಸಿದವರೇ ಬಿಡಿಸಲಿ ಎಂದು ಮಾವಶಿಗೆ ವಿಡಿಯೋ ಕಾಲ್ ಹಚ್ಚಿದೆ. ಅವಳು ಒಲೆಯ ಮುಂದೆ ಭಾಕರಿ ತಟ್ಟುತ್ತಿದ್ದಳು. ಸಂಗತಿ ಕೇಳಿ ನಕ್ಕಳು, ಆಮೇಲೆ ನಗು ಒರೆಸಿ ಪಾಳಣಾಘರದ ದನಿ ತೆಗೆದಳು: "ಚಲಾ, ಶೂ ಕರಾ ಬಘೂ!" ಮುಗಿಯಿತು. ಬಾಟಲಿ ತುಂಬಿತು. ನಾಲ್ಕು ಹನಿ ಬಿಟ್ಟು ಎಂಬ ನಿಯಮ ಮಾತ್ರ ಇವರ ಅಂಗಿಯ ತೋಳಿನ ಮೇಲೆ ನೆರವೇರಿತು.

ನಾವು ಜಯಘೋಷ ಮಾಡುತ್ತಿದ್ದಾಗಲೇ ಫೋನಿನಿಂದ ಒಂದು ಕೆಮ್ಮು ಕೇಳಿಸಿತು. ಮಾವಶಿಯ ಹಿಂದೆ, ಗೋಡೆಗೆ ಹತ್ತಿದ ಮಂಚದ ಮೇಲೆ, ತಲೆತನಕ ಚಾದರ ಹೊದ್ದು ಯಾರೋ ಮಲಗಿದ್ದರು. ಅವಳ ಮಗ, ಎರಡನೇ ಇಯತ್ತೆ. ಜ್ವರ ಬಂದು ಮೂರು ದಿನವಾಗಿದೆಯಂತೆ. ಅವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಬಾಜೂ ಮನೆಯ ಅಜ್ಜಿ ನಡುನಡುವೆ ಇಣುಕಿ ಹೋಗುತ್ತಾಳೆ ಎಂದಳು. ರಜೆ ಹಾಕಿದರೆ ದಿನದ ಪಗಾರ ಹೋಗುತ್ತದೆ. "ಎಂಟಕ್ಕೆ ಬರ್ತೀನಲ್ಲ, ಪುಟ್ಟನ್ನ ಇವತ್ತು ಕಳಿಸಬೇಡಿ ತಾಈ" ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟಳು.

ನನ್ನ ವಹಿಯಲ್ಲಿ ವಾಕಡಿನ ಎಲ್ಲ ಮೂಗುಗಳೂ ಇದ್ದವು, ಮಾವಶಿಯ ಮನೆಯ ಮೂಗು ಇರಲಿಲ್ಲ. ಇಪ್ಪತ್ತು ಮನೆಗಳಿಂದ ಬಂದ ಸೀನು, ಕೆಮ್ಮು, ಗುಳ್ಳೆಗಳನ್ನೆಲ್ಲ ಅವಳು ದಿನವಿಡೀ ಸೊಂಟದ ಮೇಲೆ ಹೊತ್ತು, ಸಂಜೆ ಆರಕ್ಕೆ ಅದೇ ಸೀರೆಯಲ್ಲಿ ಮನೆಗೆ ಹೋಗುತ್ತಾಳೆ. ನನಗೆ ಕಾನೂನಿದೆ: 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಐದು ಮಂದಿ ಮಾವಶಿಯರ ಪಾಳಣಾಘರದವರೆಗೆ ಆ 50 ಬರುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವುದೇ ಕೆಲಸವಾದವಳಿಗೆ ತನ್ನ ಮಗುವನ್ನು ನೋಡಿಕೊಳ್ಳಲು ಬಾಜೂ ಮನೆಯ ಅಜ್ಜಿ. ಅವಳ ಮಗನಿಗೂ ಇಮ್ಯುನಿಟಿ ಬೆಳೆಯುತ್ತಿದೆ ಎಂದು ಯಾರಾದರೂ ಅವಳಿಗೆ ಹೇಳಲಿ ನೋಡೋಣ.

ಪುಟ್ಟನ ವರದಿ ಸರಿಯಾಗೇ ಬಂತು, ಜ್ವರ ತಾನೇ ಬಿಟ್ಟಿತು. ನಾನು ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿದೆ: ಎಲ್ಲರೂ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಟ್ಟು ಮಾವಶಿಯರಿಗೆ ಪಗಾರ ಸಹಿತ ರಜೆ ಕೊಡಿಸೋಣ. ಯಾರ ಮಗು ಸೀನಿತು ಎಂಬುದನ್ನು ನಿಮಿಷದಲ್ಲಿ ಪತ್ತೆ ಹಚ್ಚುವ ಗುಂಪು ಇದಕ್ಕೆ ವಾರಗಟ್ಟಲೆ ತಗೊಂಡಿತು. ಒಬ್ಬರು ತತ್ವತಃ ಒಪ್ಪಿದರು, ಒಬ್ಬರು ಹೆಬ್ಬೆರಳೆತ್ತಿದ ಚಿತ್ರ ಹಾಕಿ ಹಣ ಹಾಕಲಿಲ್ಲ, ಒಬ್ಬರು ರಜೆ ಕೊಟ್ಟರೆ ಅವರು ತಗೊಂಡುಬಿಡುತ್ತಾರಲ್ಲ ಎಂದು ಆತಂಕಪಟ್ಟರು. ಎಲ್ಲರಿಗಿಂತ ಮೊದಲು ಹಣ ಹಾಕಿದ್ದು ನೀಲಿ ಟೋಪಿಯವನ ಅಮ್ಮ. ಅಂತೂ ಆಯಿತು.

ಆತಂಕಪಟ್ಟವರು ಹೇಳಿದ್ದು ನಿಜವಾಯಿತು. ಮಳೆಗಾಲದಲ್ಲಿ ಮಗನಿಗೆ ಬಂದ ಮೊದಲ ಜ್ವರಕ್ಕೆ ಮಾವಶಿ ರಜೆ ತಗೊಂಡಳು. ಉಳಿದವರಲ್ಲೂ ಇಬ್ಬರ ಮಕ್ಕಳು ಮಲಗಿದ್ದರಿಂದ ಪಾಳಣಾಘರಕ್ಕೇ ಬೀಗ ಬಿತ್ತು. ಪುಟ್ಟ ಮಾತ್ರ ಗಟ್ಟಿಮುಟ್ಟಾಗಿ ಸೋಫಾದಿಂದ ಸೋಫಾಕ್ಕೆ ಜಿಗಿಯುತ್ತಿದ್ದ. ಆಫೀಸಿನ ರಜೆ ಅರ್ಜಿ ತೆರೆದೆ. ಕಾರಣ ಎಂಬಲ್ಲಿ "ಕುಟುಂಬದವರ ಅನಾರೋಗ್ಯ" ಆರಿಸಿದೆ. ರೋಗಿಯ ಸಂಬಂಧ ಎಂಬ ಜಾಗದಲ್ಲಿ "ಮಾವಶಿಯ ಮಗ" ಎಂದು ಬರೆದೆ. ಮ್ಯಾನೇಜರು ಹಳೇ ಪುಣೆಯ ಸದಾಶಿವ ಪೇಠೆಯ ಮರಾಠಿಗರು. ಸಂಬಂಧಿಕರ ವಿಷಯದಲ್ಲಿ ಪ್ರಶ್ನೆ ಕೇಳುವವರಲ್ಲ. ರಜೆ ಮಂಜೂರಾಯಿತು.

ಮರುದಿನ ಸಂಜೆ ನನಗೇ ಜ್ವರ ಬಂತು. ಅದಕ್ಕೆ ರಜೆ ಉಳಿದಿರಲಿಲ್ಲ.