ವಿನಾಯಿತಿ ಮಾವ

ವಿನಾಯಿತಿ ಮಾವನ ಕೋವಿಯನ್ನು ನೋಡಿದವರು ಕಡಿಮೆ. ಅದರ ಕಡತವನ್ನು ನೋಡದವರು ಕೊಡಗಿನಲ್ಲಿ ಇರಲಿಕ್ಕಿಲ್ಲ. ಮದುವೆ ಇರಲಿ, ಸಾವಿನ ಮನೆ ಇರಲಿ, ಕೌಟುಂಬಿಕ ಹಾಕಿ ಪಂದ್ಯ ಇರಲಿ, ಕಂಕುಳಲ್ಲಿ ಕಂದು ರೆಕ್ಸಿನ್ ಚೀಲ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಆ ಚೀಲಕ್ಕೆ ಯೂರಿಯಾ ಮೂಟೆಯ ಒಳಗಿನ ಪ್ಲಾಸ್ಟಿಕ್ಕಿನ ಅಂಗಿ. ಮಾವನಿಗೆ ಕೊಡೆ ಇರುವುದಿಲ್ಲ.

ಮಾವ ಎಂದರೆ ಒಬ್ಬರೇ ಎಂದುಕೊಳ್ಳಬೇಡಿ. ಗೋಣಿಕೊಪ್ಪದಲ್ಲಿ ಒಬ್ಬರಿದ್ದಾರೆ, ಮೂರ್ನಾಡಿನಲ್ಲಿ ಇನ್ನೊಬ್ಬರು, ನಾಪೋಕ್ಲು ಕಡೆ ಹೋದರೆ ಬಸ್ಸಿಗೆ ಇಬ್ಬರಂತೆ ಸಿಗುತ್ತಾರೆ. ಸಾಮಾನ್ಯವಾಗಿ ಸೈನ್ಯದಿಂದ ನಿವೃತ್ತರು, ಸ್ವಲ್ಪ ಕಾಫಿ, ಸ್ವಲ್ಪ ಕರಿಮೆಣಸು. ಸ್ವಭಾವ ಸೌಮ್ಯ. ಆದರೆ ‘ನಿಮಗೆ ಕೋವಿಗೆ ಲೈಸೆನ್ಸ್ ಬೇಡವಂತಲ್ಲ, ಮಾವ?’ ಎಂದು ಯಾರಾದರೂ ಕೇಳಿಬಿಟ್ಟರೆ ಆ ಮಧ್ಯಾಹ್ನ ಮುಗಿಯಿತು.

‘ಬೇಡ,’ ಎನ್ನುತ್ತಾರೆ ಮಾವ, ಚೀಲದ ಜಿಪ್ ಎಳೆಯುತ್ತಾ. ‘ಬೇಡ ಅನ್ನುವುದಕ್ಕೆ ಕಾಗದ ತೋರಿಸುತ್ತೇನೆ, ಕುಳಿತುಕೋ.’

ಮೊದಲು ಹೊರಬರುವುದು 1861. 1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ, ಮೈಸೂರು–ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟು ಹೊರಡಿಸಿದ ಆದೇಶ. ಮಾವನ ಬಳಿ ಇರುವುದು ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್. ಅಕ್ಷರ ಕಾಣುವುದಿಲ್ಲ, ಆದರೆ ಮಾವನಿಗೆ ಕಂಠಪಾಠ. ಅದರಲ್ಲಿ ಶೌರ್ಯದ ಮಾತು ಬಂದಾಗ ದನಿ ಏರುತ್ತದೆ. ಬ್ರಿಟಿಷ್ ಸರ್ಕಾರಕ್ಕೆ ಮಾಡಿದ ಸೇವೆಯ ಮಾತು ಬಂದಾಗ ಮಾವನಿಗೆ ಸಣ್ಣದಾಗಿ ಕೆಮ್ಮು.

ಆಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ 41ನೇ ಕಲಂ. ಅದರಡಿಯ ಅಧಿಸೂಚನೆಯಂತೆ ವಿನಾಯಿತಿಗೆ ಎರಡು ಬಾಗಿಲು: ಕೊಡವ ಜನಾಂಗಕ್ಕೆ ಸೇರಿರಬೇಕು, ಇಲ್ಲವೇ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯ ಹಿಡುವಳಿದಾರರಾಗಿರಬೇಕು. ಮಾವ ಎರಡೂ ಹೌದು. ಒಂದು ಸಾಕಲ್ಲ ಎಂದರೆ, ‘ಒಂದು ಬಾಗಿಲು ಮುಚ್ಚಿದರೆ?’ ಎನ್ನುತ್ತಾರೆ. ಮುಚ್ಚಿಸಲು ನೋಡಿದವರೂ ಉಂಟು. ಈ ವಿನಾಯಿತಿ ಸರಿಯಲ್ಲ ಎಂದು ಹೈಕೋರ್ಟಿಗೆ ಹೋದ ಅರ್ಜಿ 2021ರಲ್ಲಿ ವಜಾ ಆಯಿತು. ಅರ್ಜಿ ಸಲ್ಲಿಕೆಯಾದ ದಿನ ಮಾವ ಊಟ ಬಿಟ್ಟಿದ್ದರು, ತೀರ್ಪು ಬಂದ ದಿನ ಅದರ ಪ್ರತಿಗೆ ಹೊಸ ಪ್ಲಾಸ್ಟಿಕ್ ಕವರ್ ತಂದರು.

ಇಷ್ಟು ಪೀಠಿಕೆ. ಮಾವನ ಸ್ವಂತ ಕಾಗದಗಳು ಶುರುವಾಗುವುದು ಇನ್ನು ಮುಂದೆ. ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೇದಾರರಾಗಿ ಇರುವುದು ಮಾವನ ಅಜ್ಜನ ಅಪ್ಪ. ಅವರು ತೀರಿಹೋದದ್ದು ಊರಿಗೆಲ್ಲ ಗೊತ್ತು, ಪಹಣಿಗೆ ಗೊತ್ತಿಲ್ಲ. ಅವರಿಂದ ಮಾವನವರೆಗೆ ಇಳಿದು ಬರಲು ವಂಶವೃಕ್ಷ. ಇಳಿದು ಬಂದ ಮಾವನೋ ಒಬ್ಬರಲ್ಲ, ಮೂವರು: ಸೈನ್ಯದ ಪುಸ್ತಕದಲ್ಲಿ ಮನೆತನದ ಹೆಸರು ಬರೀ ಒಂದು ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ಅದು ಹೆಸರಿನ ಹಿಂದೆ, ವಿನಾಯಿತಿ ಪತ್ರದಲ್ಲಿ ಮುಂದೆ, ಅದೂ ಒಂದು ದೀರ್ಘ ಕಳೆದುಕೊಂಡು. ಮೂವರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ ಉಂಟು. ಅದರ ಸಹಿ ಮೂವರದ್ದನ್ನೂ ಹೋಲುವುದಿಲ್ಲ. ಪೊನ್ನಂಪೇಟೆ ಬೇರೆ ತಾಲ್ಲೂಕಾದ ಮೇಲೆ, ತಮ್ಮ ಊರು ಹಿಂದೆ ವಿರಾಜಪೇಟೆ ತಾಲ್ಲೂಕಿನಲ್ಲಿತ್ತು ಎಂಬುದಕ್ಕೂ ಒಂದು ಕಾಗದ ಸೇರಿದೆ.

ಪಕ್ಕದ ತೋಟದವರದ್ದು ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸಿನ ಕೋವಿ. ಅವರ ಬಳಿ ಇರುವುದು ಒಂದು ಸಣ್ಣ ಪುಸ್ತಕ. ಐದು ವರ್ಷಕ್ಕೊಮ್ಮೆ ನವೀಕರಿಸಿ ಪೆಟ್ಟಿಗೆಯಲ್ಲಿ ಹಾಕಿ ಮರೆಯುತ್ತಾರೆ. ಲೈಸೆನ್ಸ್ ಬೇಕಾದವರದ್ದು ಕೈಬೆರಳಿನಷ್ಟು ದಪ್ಪ, ಬೇಡವಾದವರದ್ದು ಮೊಳಕೈವರೆಗೆ. ಚುನಾವಣೆ ಬಂದರೆ ಪಕ್ಕದವರು ಕೋವಿಯನ್ನು ಠಾಣೆಯಲ್ಲಿಟ್ಟು ರಸೀದಿ ತರುತ್ತಾರೆ. ವಿನಾಯಿತಿಯವರೂ ಇಡಬೇಕೇ ಎಂಬ ಚರ್ಚೆಯಲ್ಲಿ ಮಾವ ಮುಂದಿನ ಸಾಲಿನಲ್ಲಿ ನಿಂತು ‘ಖಂಡಿತ ಇಡುವುದಿಲ್ಲ’ ಎಂದು ಗುಡುಗುತ್ತಾರೆ. ಸಂಜೆ ಬೇಲಿಯ ಬಳಿ ನಿಂತು ಪಕ್ಕದವರ ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಅದರ ಮೊಹರು ಬಹಳ ಸೊಗಸು.

ಕೋವಿಯ ವಿಷಯ ಹೇಳಿಬಿಡುತ್ತೇನೆ: ಒಂಟಿ ನಳಿಗೆ. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್ಲು, ಅದಕ್ಕೆ 100 ಗುಂಡು, ಒಂದು ಕೋವಿ, ಅದಕ್ಕೆ 500 ತೋಟಾ, ಇಷ್ಟರವರೆಗೆ ಒಯ್ಯಬಹುದೆಂದು ಅಧಿಸೂಚನೆ. ಮಾವ ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಮನೆಯಲ್ಲಿ ಇರುವುದು ಹನ್ನೊಂದು ತೋಟಾ, ಅವುಗಳಲ್ಲಿ ಎರಡಕ್ಕೆ ಥಂಡಿ ಹಿಡಿದಿದೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ತೋಕ್ ಪೂ ಎಂಬ ಹೂ ಏರಿಸಿ ಪೂಜೆ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಒಂದು ಗುಂಡು, ಊರಲ್ಲಿ ಯಾರಾದರೂ ತೀರಿಹೋದರೆ ಎರಡು. ಆನೆ ತೋಟಕ್ಕೆ ನುಗ್ಗಿದರೆ ಮಾವ ಪಟಾಕಿ ಹುಡುಕುತ್ತಾರೆ.

ಹಿಂದೆ ಹುಲಿ ಹೊಡೆದವನಿಗೆ ಕೊಡಗಿನಲ್ಲಿ ‘ನರಿ ಮಂಗಲ’ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ನಡೆಯುತ್ತಿತ್ತು. ಸತ್ತ ಹುಲಿಯ ಪಕ್ಕದಲ್ಲಿ ಬೇಟೆಗಾರನನ್ನು ಮದುಮಗನಂತೆ ಕೂರಿಸಿ, ಬಂಧುಗಳು ಅಕ್ಕಿ ಹಾಕಿ ಹರಸಿ, ಮೆರವಣಿಗೆ ಮಾಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿಯೂ ಬಚಾವು, ಮದುಮಗನೂ ಬಚಾವು. ನನ್ನ ಸಲಹೆ ಏನೆಂದರೆ, ಆ ಮಂಗಲವನ್ನು ಕಚೇರಿಯಿಂದ ವಿನಾಯಿತಿ ಪತ್ರ ಹೊಡೆದು ತಂದವರಿಗೆ ಮಾಡಬೇಕು. ಯಾವ ಮೇಜಿನ ಹಿಂದೆ ಯಾವ ಹೊತ್ತಿಗೆ ಸಿಗುತ್ತದೆಂದು ಹೊಂಚು ಹಾಕಿ, ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂಬ ಪೊದೆಯಾಚೆ ಕಾದು, ನಾಳೆ ಬನ್ನಿ ಎಂದಾಗ ಅಲುಗಾಡದೆ ನಿಂತವರಲ್ಲವೇ! ಚಪ್ಪರದ ಕೆಳಗೆ ಮಾವ ಕೊಡವರ ಉಡುಪಾದ ಕುಪ್ಯಚೇಲೆಯಲ್ಲಿ, ಪಕ್ಕದಲ್ಲಿ ಬಿದಿರಿಗೆ ಕಟ್ಟಿದ ಪತ್ರ. ಅಕ್ಕಿ ಮಾತ್ರ ಮೆಲ್ಲಗೆ ಹಾಕಬೇಕು, ಮೊಹರಿನ ಮೇಲೆ ಬಿದ್ದರೆ ಕಷ್ಟ.

ಒಮ್ಮೆ ಸುಳ್ಯಕ್ಕೆ ಹೊರಟಿದ್ದ ಮಾವನ ಕಾರಿನಲ್ಲಿ ನಾನೂ ಇದ್ದೆ. ಸಂಪಾಜೆ ಗೇಟಿನಲ್ಲಿ ಬಾಗಲಕೋಟೆ ಕಡೆಯ ಹುಡುಗ, ಹೊಸ ಪೇದೆ, ಕೈ ಅಡ್ಡ ಹಿಡಿದ. ಅವನು ಬಾಯಿ ತೆರೆಯುವ ಮೊದಲೇ ಬಾನೆಟ್ ಮೇಲೆ ಕಡತ ಬಿಚ್ಚಿಕೊಂಡಿತ್ತು.

‘ಕೋವಿ ಎಲ್ಲೈತ್ರಿ ಅಜ್ಜಾರ?’

‘ಮನೆಯಲ್ಲಿ.’

‘ಮತ್ತ ಈ ಕಾಗದ ಎಲ್ಲಾ ಯಾಕ್ರಿ?’

‘ನೀವು ಕೇಳಿದರೆ ತೋರಿಸಲಿಕ್ಕೆ.’

‘ನಾ ಕೇಳೇ ಇಲ್ಲಲ್ರಿ.’

ಮಾವ ಇದಕ್ಕೆಲ್ಲ ಜಗ್ಗುವವರಲ್ಲ. ಕಬ್ಬನ್ ಸಾಹೇಬರಿಂದಲೇ ಶುರು ಮಾಡಿದರು. ಹುಡುಗನ ಮುಖ ಅರಳಿತು. ‘ಬೆಂಗಳೂರಾಗ ಪಾರ್ಕ್ ಐತಲ್ರಿ, ಆ ಕಬ್ಬನ್ನಾ?’

‘ಅವರೇ. ಪಾರ್ಕು ಬೆಂಗಳೂರಿಗೆ ಕೊಟ್ಟರು, ಕೋವಿ ನಮಗೆ ಬಿಟ್ಟರು.’

(ಪಾರ್ಕು ಆದದ್ದು 1870ರಲ್ಲಿ. ಕೋವಿಯ ಆದೇಶ ಹೊರಡಿಸಿದ ವರ್ಷವೇ ಕಬ್ಬನ್ ತಮ್ಮ ಊರಿಗೆ ಮರಳುವ ದಾರಿಯಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡಿದ್ದರು. ಆದರೆ ಮಾವನ ಕಡತ ಕೋವಿಯದ್ದು, ಪಾರ್ಕಿನದ್ದಲ್ಲ.)

ಹಿಂದೆ ಏಳೆಂಟು ಗಾಡಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಹುಡುಗ ತೀರ್ಪಿನ ಪ್ರತಿಯನ್ನು ಭಕ್ತಿಯಿಂದ ಹಿಂತಿರುಗಿಸಿ, ‘ಎಲ್ಲಾ ಬರೋಬರಿ ಐತ್ರಿ ಅಜ್ಜಾರ. ಗಾಡಿದು ಎಮಿಷನ್ ಅಷ್ಟ ತೋರಸ್ರಿ’ ಎಂದ. ಮಾವ ನನ್ನ ಮುಖ ನೋಡಿದರು. ಐನೂರು ತೋಟಾ ಒಯ್ಯಲು ಅರ್ಹರಾದವರ ಬಳಿ ಹೊಗೆಯ ಚೀಟಿ ಇರಲಿಲ್ಲ.

ಈಚೆಗೆ ಮಾವನಿಗೆ ಒಂದು ಸಂಕಟ. ವಿನಾಯಿತಿ ಪತ್ರ ಮಳೆಗೆ ಹಾಳಾಗದಿರಲೆಂದು ಲ್ಯಾಮಿನೇಷನ್ ಮಾಡಿಸಿದ್ದರು. ಅದರ ಮೇಲೆ ಏನೋ ನಮೂದು ಮಾಡಬೇಕಾಗಿ ಬಂತು. ಪೆನ್ನು ಜಾರಿತು, ಮೊಹರು ಕೂರಲಿಲ್ಲ. ಹೊಸ ಪ್ರತಿ ಬೇಕಾದರೆ ಹಳೆಯದು ಕಳೆದುಹೋದ ಬಗ್ಗೆ ಪೊಲೀಸ್ ದೂರು ತನ್ನಿ ಎಂದರು ಗುಮಾಸ್ತರು. ಕಳೆದಿಲ್ಲ, ಇಲ್ಲೇ ಉಂಟು, ಹೊಳೆಯುತ್ತಾ ಉಂಟು ಎಂದರು ಮಾವ. ಲ್ಯಾಮಿನೇಷನ್ ಎಂಬ ಕಾರಣ ಅರ್ಜಿಯಲ್ಲಿ ಇಲ್ಲವಂತೆ. ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮಾವ ಹೊಸದೊಂದು ಅಫಿಡವಿಟ್‌ಗೆ ದಾರಿಯಾಯಿತೆಂದು ಗೆಲುವಾಗಿ ಮೆಟ್ಟಿಲಿಳಿದರು.

ಅದಲ್ಲದೆ ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದ ವಿನಾಯಿತಿ ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ. ಅದಕ್ಕೆ ಈಗಲೇ ತಯಾರಿ ಬೇಡವೇ? ನೇರ ಜೆರಾಕ್ಸ್ ಅಂಗಡಿಗೆ ಹೋದರು.

‘ಎಷ್ಟು ಕಾಪಿ ಮಾವ?’

‘ಹತ್ತು ಮಾಡು. ಎರಡೂ ಬದಿ.’

ಹುಡುಗ ತಿರುಗಿಸಿ ನೋಡಿದ. ‘ಹಿಂದೆ ಖಾಲಿ ಉಂಟಲ್ಲ, ಮಾವ?’

‘ಖಾಲಿ ಉಂಟು ಅಂತ ಅವರಿಗೆ ಗೊತ್ತಾಗಬೇಡವಾ?’