ತುರುಬೂ ಹೆಲ್ಮೆಟ್ಟೂ

ಸೈಕಲ್ ಹೆಲ್ಮೆಟ್ಟಿಗೂ ನನ್ನ ತುರುಬಿಗೂ ಹುಟ್ಟಾ ವೈರ. ಹೆಲ್ಮೆಟ್ಟನ್ನು ತಲೆಗೆ ಬಿಗಿ ಮಾಡಲು ಹಿಂದುಗಡೆ ಒಂದು ತಿರುಗಣಿ ಇರುತ್ತದಲ್ಲ, ಯಾವ ಪುಣ್ಯಾತ್ಮನೋ ಅದನ್ನು ಸರಿಯಾಗಿ ತುರುಬು ಕೂರುವ ಜಾಗದಲ್ಲೇ ಇಟ್ಟಿದ್ದಾನೆ. ತುರುಬು ಮೇಲೇರಿಸಿದರೆ ಹೆಲ್ಮೆಟ್ ಮುಂದೆ ಜಾರಿ ಕಣ್ಣು ಮುಚ್ಚುತ್ತದೆ. ಕೆಳಗಿಳಿಸಿದರೆ ಕತ್ತು ಎತ್ತುವಂತಿಲ್ಲ. ಜಡೆ ಹಾಕಿಕೊಳ್ಳಬಾರದೇ ಎನ್ನುತ್ತೀರಿ. ಐವತ್ತು ದಾಟಿದವಳ ಜಡೆಯ ಗಾತ್ರ ಊರಿಗೆಲ್ಲ ಯಾಕೆ ಗೊತ್ತಾಗಬೇಕು? ತುರುಬಿನೊಳಗೆ ಏನೇನು ತುಂಬಿದ್ದೇನೆ ಎಂಬುದು ನನಗೂ ದೇವರಿಗೂ ಗೊತ್ತಿದ್ದರೆ ಸಾಕು.

ಕೂದಲ ವಿಷಯದಲ್ಲಿ ನನಗಿಂತ ದೊಡ್ಡವರೇ ಕೆಟ್ಟಿದ್ದಾರೆ. 1989ರ ಟೂರ್ ದ ಫ್ರಾನ್ಸ್. ಕೊನೆಯ ದಿನ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರ್, ಒಬ್ಬೊಬ್ಬರೇ ಗಡಿಯಾರದ ಜೊತೆ ಸೆಣಸಬೇಕು. ಫ್ರಾನ್ಸಿನ ಲೋರಾಂ ಫಿನ್ಯೋಂ 50 ಸೆಕೆಂಡ್ ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಗಾಳಿ ಸೀಳುವ ಹೆಲ್ಮೆಟ್ ಹಾಕಿ, ಹೊಸ ಬಗೆಯ ಹ್ಯಾಂಡಲ್ ಮೇಲೆ ಮೊಣಕೈ ಊರಿ ಬಂದ. ಫಿನ್ಯೋಂ ಬರಿತಲೆ, ಹಿಂದೆ ಹೊಂಬಣ್ಣದ ಜುಟ್ಟು ಪಟಪಟ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತುಳಿದವನು ಸೋತದ್ದು 8 ಸೆಕೆಂಡಿನಿಂದ! ಎಲ್ಲಾ ಆ ಜುಟ್ಟಿನದೇ ಕರಾಮತ್ತು ಎನ್ನುವವರು ಇವತ್ತಿಗೂ ಇದ್ದಾರೆ. ಹ್ಯಾಂಡಲ್ಲಿನ ಪಾತ್ರವೂ ಇತ್ತು, ಒಪ್ಪುತ್ತೇನೆ. ಆದರೆ ಹೇಳಿಕೊಂಡು ತಿರುಗಲು ಜುಟ್ಟಿನಷ್ಟು ರುಚಿ ಅದಕ್ಕಿಲ್ಲ.

ನನ್ನದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆಯ ಗಾಂಧಿ ಬಜಾರ್. ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಕಬ್ಬಿನ ತುಂಡು. ಚಿನ್ನದ ಬೆಲೆ ಕೊಟ್ಟು ಕೊಂಡ ಮಲ್ಲಿಗೆಯನ್ನು ಅದರೊಳಗೆ ಹಾಕಿದರೆ ಮನೆ ಸೇರುವಷ್ಟರಲ್ಲಿ ಚಟ್ನಿ.

“ಮುಡ್ಕೊಂಡುಬಿಡಿ ಅಮ್ಮ” ಎಂದಳು ಹೂವಿನಾಕೆ.

“ತಲೆ ಎಲ್ಲಿದೆ ಕಣಮ್ಮ, ಬರೀ ಹೆಲ್ಮೆಟ್ಟು.”

ಆಕೆ ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿದಳು. “ಇಷ್ಟೊಂದು ತೂತು ಬಿಟ್ಟವ್ರೆ, ಸುಮ್ನೆ ಬಿಟ್ಟವ್ರಾ?” ಎಂದವಳೇ ದಂಡೆಯ ತುದಿಯನ್ನು ಮೊದಲ ಕಿಂಡಿಗೆ ತೂರಿಸಿದಳು. ಓಡುವ ಸವಾರನ ತಲೆಗೆ ಗಾಳಿಯಾಡಲೆಂದು ಪರದೇಶದವರು ತಲೆ ಕೆಡಿಸಿಕೊಂಡು ಕೊರೆದ ಕಿಂಡಿ! ಬಾಳೆನಾರು ಒಳಗೆ ಹೋಯಿತು, ಪಕ್ಕದ ಕಿಂಡಿಯಲ್ಲಿ ಹೊರಗೆ ಬಂತು. ಎದುರಂಗಡಿಯವಳು ಎದ್ದು ಬಂದಳು. ಮುಂದುಗಡೆ ಬೋಳು ಕಾಣುತ್ತೆ, ಕನಕಾಂಬರ ಬೇಕು ಎಂಬುದು ಅವಳ ಅಭಿಪ್ರಾಯ. ಬೇಡ, ಉತ್ಸವಮೂರ್ತಿ ಥರ ಆಗುತ್ತೆ ಎಂದಳು ಮೂರನೆಯವಳು. ಆದ್ರೇನೀಗ, ಹಬ್ಬ ತಾನೆ ಎಂದ ಬಾಳೆಕಂದಿನವನು. ಅವನನ್ನು ಕೇಳಿದವರು ಯಾರು? ನಾನು ಹೆಲ್ಮೆಟ್ ತೆಗೆದು ಕೊಡಬಹುದಿತ್ತು. ತೆಗೆದರೆ ತುರುಬಿನ ಗುಟ್ಟು ಬಜಾರಿನ ಪಾಲು. ಹಾಗಾಗಿ ಸೈಕಲ್ ಹಿಡಿದು, ಬಗ್ಗು ಎಂದಾಗ ಬಗ್ಗಿ, ತಿರುಗು ಎಂದಾಗ ತಿರುಗಿ, ಸಕಲ ಸೇವೆಗಳನ್ನೂ ಸ್ವೀಕರಿಸುತ್ತ ನಿಂತೆ. ಸುಳ್ಳೇಕೆ, ಮದುವೆಯ ದಿನ ಬಿಟ್ಟರೆ ನನ್ನ ತಲೆಗೆ ಅಷ್ಟು ಜನ ಗಮನ ಕೊಟ್ಟದ್ದಿಲ್ಲ. ಕೊನೆಗೆ ಒಬ್ಬಳು ಗುಲಾಬಿಯನ್ನೂ ಸಿಕ್ಕಿಸಿ, ದುಡ್ಡು ಬೇಡ ಎಂದಳು.

ಘಮಘಮಿಸುತ್ತ ಹೊರಟೆ. ಸಿಗ್ನಲ್ಲಿನಲ್ಲಿ ಸ್ಕೂಟರಿನ ಹುಡುಗನೊಬ್ಬ “ಸೂಪರ್ ಆಂಟಿ” ಎಂದು ಹಲ್ಲು ಕಿರಿದ. ಅವನ ಹೆಲ್ಮೆಟ್ ತೋಳಿಗೆ ನೇತುಬಿದ್ದಿತ್ತು. ಕಾನೂನು ಹೆಲ್ಮೆಟ್ ಹಾಕು ಎನ್ನುವುದು ಅವನಿಗೆ, ಸೈಕಲ್ಲಿನವಳಾದ ನನಗಲ್ಲ. ಇರಲಿ, ಅವನ ಮೊಣಕೈಯಂತೂ ಬಹಳ ಸುರಕ್ಷಿತವಾಗಿತ್ತು.

ತಲೆ ಮುಚ್ಚಿಕೊಳ್ಳುವುದಕ್ಕೆ ಮಹಾಮಹಾ ಸವಾರರೇ ಗೊಣಗಿದ್ದಾರೆ. 1991ರಲ್ಲಿ ಸೈಕಲ್ ರೇಸುಗಳ ಒಕ್ಕೂಟ ಹೆಲ್ಮೆಟ್ ಕಡ್ಡಾಯ ಮಾಡಹೊರಟಾಗ ಸವಾರರು ಪ್ಯಾರಿಸ್–ನೀಸ್ ರೇಸಿನಲ್ಲಿ ಪ್ರತಿಭಟಿಸಿದರು. ಒಕ್ಕೂಟ ಹಿಂಜರಿಯಿತು. 1995ರ ಜುಲೈನಲ್ಲಿ ಇಟಲಿಯ ಫಾಬಿಯೋ ಕಾಸಾರ್ತೆಲ್ಲಿ, ಬಾರ್ಸಿಲೋನಾ ಒಲಿಂಪಿಕ್ಸಿನ ಚಿನ್ನದ ಹುಡುಗ, ಪಿರೆನೀಸ್ ಇಳಿಜಾರಿನಲ್ಲಿ ಬಿದ್ದ. ಬರಿತಲೆ. 24 ವರ್ಷ. ಮನೆಯಲ್ಲಿ ಹಸುಗೂಸು. ಆಗಲೂ ನಿಯಮ ಬರಲಿಲ್ಲ. 2003ರ ಮಾರ್ಚ್‌ನಲ್ಲಿ, ಅದೇ ಪ್ಯಾರಿಸ್–ನೀಸ್‌ನಲ್ಲಿ, ಕಜಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಸತ್ತ ಮೇಲೆಯೇ ಅದು ಬಂದದ್ದು. ಬಂದದ್ದಕ್ಕೂ ಒಂದು ರಿಯಾಯಿತಿ: ರೇಸು ಮುಗಿಯುವ ಕೊನೆಯ ಏರು ಉದ್ದವಾಗಿದ್ದರೆ ಹೆಲ್ಮೆಟ್ ಬಿಸಾಡಿ ಹತ್ತಬಹುದು. ಕೆಲವು ಕಾಲದ ನಂತರ ಅದೂ ಹೋಯಿತು.

“ನಮ್ಮಪ್ಪ ಜೀವಮಾನವೆಲ್ಲ ಸೈಕಲ್ ತುಳಿದ್ರು, ಹೆಲ್ಮೆಟ್ ಮುಖ ನೋಡಿರಲಿಲ್ಲ” ಎನ್ನುತ್ತಾರೆ ನಮ್ಮ ಮನೆಯವರು. ಮಾವನವರು ನೀರಿನ ಟ್ಯಾಂಕರಿನ ಮುಖವನ್ನೂ ನೋಡಿರಲಿಲ್ಲ ಎನ್ನುತ್ತೇನೆ ನಾನು. ಹೆಲ್ಮೆಟ್ಟಿನೊಳಗೆ ಇರುವುದಾದರೂ ಥರ್ಮಾಕೋಲ್ ಜಾತಿಯ ವಸ್ತು. ಬಿದ್ದಾಗ ತಾನು ಜಜ್ಜಿಹೋಗಿ ಪೆಟ್ಟು ನುಂಗುತ್ತದೆ, ಆಮೇಲೆ ಎಸೆಯಬೇಕು. ಯುರೋಪಿನ ಪರೀಕ್ಷೆಯಲ್ಲಿ ಅದನ್ನು ಬೀಳಿಸುವುದು ಸುಮಾರು ಒಂದೂವರೆ ಮೀಟರ್ ಎತ್ತರದಿಂದ. ಅಂದರೆ ನನ್ನಷ್ಟಕ್ಕೆ ನಾನು ಬಿದ್ದರೆ ಕಾಪಾಡೀತು. ಟ್ಯಾಂಕರ್ ಬಂದು ಗುದ್ದುವುದು ಆ ಲೆಕ್ಕದಲ್ಲಿಲ್ಲ. ಕಾರಿನ ಗಾಜು ಇಳಿಸಿ “ಹೆಲ್ಮೆಟ್ ಒಳ್ಳೇದು ಮೇಡಂ” ಎಂದು ಶಹಬ್ಬಾಸ್ ಹೇಳುವವರೇ ಮರುಕ್ಷಣ ನನ್ನನ್ನು ಮೋರಿಯ ಅಂಚಿಗೆ ಒತ್ತುತ್ತಾರೆ. ಜನರಿಗಿಂತ ಸೈಕಲ್ಲುಗಳೇ ಹೆಚ್ಚಿರುವ ನೆದರ್ಲೆಂಡ್ಸಿನಲ್ಲಿ ಬಹುಪಾಲು ಮಂದಿ ಬರಿತಲೆಯಲ್ಲೇ ಓಡಾಡುತ್ತಾರೆ. ಅಲ್ಲಿ ಸೈಕಲ್ಲಿಗೆ ಅದರದೇ ದಾರಿಯಿದೆ.

ಇಲ್ಲಿ ಅಂಥ ದಾರಿ ಬರುವವರೆಗೆ ನಾನು ಹೆಲ್ಮೆಟ್ ಬಿಡುವವಳಲ್ಲ, ತುರುಬನ್ನೂ. ಕಾರಿನವರಲ್ಲಿ ಒಂದೇ ವಿನಂತಿ. ರಸ್ತೆ ಬದಿಯಲ್ಲಿ ನಿಲ್ಲಿಸಿ ಇಳಿಯುವಾಗ ನಿಮ್ಮ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆಗ ಮೈ ತಾನಾಗಿ ತಿರುಗಿ ಹಿಂದೆ ಬರುತ್ತಿರುವ ಸೈಕಲ್ಲು ಕಾಣುತ್ತದೆ.