ಹಿಕ್ಕೆಮಣಿದರ್ಪಣ

ಮೊಲದ ಬಗ್ಗೆ ಈ ನಾಡಿನಲ್ಲಿ ನಡೆದಿರುವ ಪಾಂಡಿತ್ಯವೆಲ್ಲ ಅದರ ಎರಡು ಅಂಗಗಳಿಗೆ ಸೀಮಿತ: ಕಾಲು ಮತ್ತು ಕೊಂಬು. ಕಾಲಿನ ವಿಷಯದಲ್ಲಿ, ತಾನು ಹಿಡಿದ ಮೊಲಕ್ಕೆ ಮೂರೇ ಎಂಬ ಪಕ್ಷ ಇಂದಿಗೂ ಪ್ರಬಲ. ಕೊಂಬಿನ ವಿಷಯದಲ್ಲಿ, ಇಲ್ಲದ ವಸ್ತುವಿಗೊಂದು ಉದಾಹರಣೆ ಬೇಕಾದಾಗಲೆಲ್ಲ ನಮ್ಮ ತಾರ್ಕಿಕರು ಶಶವಿಷಾಣವನ್ನೇ ಎಳೆದು ತಂದರು. ಹೀಗೆ ಇರುವ ನಾಲ್ಕನೇ ಕಾಲನ್ನು ಅಲ್ಲಗಳೆಯುತ್ತ, ಇಲ್ಲದ ಕೊಂಬನ್ನು ಸವರುತ್ತ ಶತಮಾನಗಳನ್ನು ಕಳೆದವರು, ದಿನಕ್ಕೆ ಇನ್ನೂರು ಮುನ್ನೂರರಂತೆ ಕಣ್ಣೆದುರೇ ಉದುರುತ್ತಿದ್ದ ಒಂದು ವಸ್ತುವಿನ ಮೇಲೆ ಗಮನವನ್ನೇ ಹರಿಸಲಿಲ್ಲ. ಆ ಲೋಪವನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ವೈಯಾಕರಣ ಕೇಶಿರಾಜನು ಶಬ್ದಕ್ಕೆ ಹಿಡಿದ ಕನ್ನಡಿಯನ್ನು ನಾನು ಹಿಕ್ಕೆಗೆ ಹಿಡಿಯುತ್ತಿದ್ದೇನೆ. ಹದಿಮೂರನೇ ಶತಮಾನದ ಆ ಹಿರಿಯರು ದೊಡ್ಡ ಮನಸ್ಸು ಮಾಡಬೇಕು.

ಪ್ರಬಂಧಕಾರನ ಅರ್ಹತೆ ಏನೆಂದು ಕೇಳಬಹುದು. ಪಿಯು ಕಾಲೇಜಿನಲ್ಲಿ 31 ವರ್ಷ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾಗಿದ್ದೇನೆ. ಮಗಳು ಪುಣೆಯಲ್ಲಿ ಕೆಲಸ ಸಿಕ್ಕಿತೆಂದು ಹೋಗುವಾಗ, ಬೆಂಗಳೂರಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಒಂದು ಬಿಳಿ ಮೊಲವನ್ನು ಬಿಟ್ಟುಹೋದಳು. ನನ್ನ ದಾಖಲೆಗಳಲ್ಲಿ ಅದರ ಹೆಸರು ಶಶಾಂಕ. ನನ್ನ ಹೆಂಡತಿ ಅದನ್ನು ಗುಂಡ ಎನ್ನುತ್ತಾಳೆ. ಎರಡಕ್ಕೂ ಅದು ತಿರುಗಿ ನೋಡುವುದಿಲ್ಲ. ಅಲ್ಲಿಂದೀಚೆಗಿನ ಎರಡು ವರ್ಷ ನಾನು ನಡೆಸಿದ ಕ್ಷೇತ್ರಕಾರ್ಯವೆಲ್ಲ ಕೈಯಲ್ಲಿ ಪೊರಕೆ ಹಿಡಿದೇ ನಡೆದದ್ದು.

ಮೊದಲು ಪರಿಭಾಷೆ. ದನ ಹಾಕಿದರೆ ಸಗಣಿ, ಕುದುರೆ ಆನೆ ಹಾಕಿದರೆ ಲದ್ದಿ, ಆಡು ಕುರಿ ಇಲಿ ಮೊಲ ಹಾಕಿದರೆ ಹಿಕ್ಕೆ. ಇಷ್ಟು ನಾಜೂಕಾಗಿ ಬೇರ್ಪಡಿಸುವ ಭಾಷೆಯೂ ಮೊಲದ ಮುಂದೆ ಸೋತಿದೆ. ಮೊಲ ಎಂಬ ಒಂದೇ ಪದದಲ್ಲಿ ಎರಡು ಪ್ರಾಣಿಗಳನ್ನು ತುರುಕಿದ್ದೇವೆ. ನಮ್ಮ ಹೊಲಗಳಲ್ಲಿ ಚಂಗನೆ ನೆಗೆದು ಮಾಯವಾಗುವುದು ಕಾಡುಮೊಲ. ಅದು ಬಿಲ ತೋಡುವುದಿಲ್ಲ, ಅದರ ಮರಿ ಕಣ್ಣು ಬಿಟ್ಟುಕೊಂಡು ಮೈತುಂಬ ಕೂದಲೊಂದಿಗೇ ಹುಟ್ಟುತ್ತದೆ, ಅದನ್ನು ಹಿಡಿಯುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ನಮ್ಮ ಗಾದೆ, ಕಥೆ, ಚಂದ್ರನ ಮೇಲಿನ ಕಲೆ ಎಲ್ಲ ಅದರ ಖಾತೆಗೆ ಸೇರಬೇಕಾದವು. ಪಂಜರದಲ್ಲಿ ಕೂತು ಮೂಗು ಅಲ್ಲಾಡಿಸುವ ಸಾಕುಮೊಲದ ಮೂಲ ಯೂರೋಪು. ಅದರ ಮರಿ ಹುಟ್ಟುವಾಗ ಕಣ್ಣೂ ಬಿಟ್ಟಿರುವುದಿಲ್ಲ, ಕೂದಲೂ ಇರುವುದಿಲ್ಲ. ಹಿಕ್ಕೆ ಎಂಬ ಪದದ ಪಾಡೂ ಇದೇ. ಮೊಲ ಹಾಕುವುದು ಎರಡು ಬಗೆ, ನಮ್ಮಲ್ಲಿರುವ ಪದ ಒಂದೇ. ಆದ್ದರಿಂದ ಒಣಹಿಕ್ಕೆ, ಮೆದುಹಿಕ್ಕೆ ಎಂದು ಎರಡು ಪದಗಳನ್ನು ನಾನೇ ಟಂಕಿಸಿದ್ದೇನೆ.

ಒಣಹಿಕ್ಕೆ ಕಾಬೂಲಿ ಕಡಲೆಗಿಂತ ಚಿಕ್ಕದು, ನಾಟಿ ಕಡಲೆಗಿಂತ ತುಸು ದಪ್ಪ. ದುಂಡಗೆ, ಒಣಗಿದ ಹುಲ್ಲಿನ ಬಣ್ಣ, ವಾಸನೆ ಇಲ್ಲವೆಂದರೂ ನಡೆಯುತ್ತದೆ. ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಪುಡಿಯಾಗಿ, ಒಳಗೆ ಮರದ ಹೊಟ್ಟಿನಂಥ ಹುಲ್ಲಿನ ಎಳೆಗಳು ಕಾಣುತ್ತವೆ. ಈ ಪ್ರಯೋಗವನ್ನು ನಾನು ಮೊದಲ ಸಲ ಮಾಡಿದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ರೀ, ಆ ಕೈಯಲ್ಲಿ ಇವತ್ತು ಮನೇಲಿ ಏನನ್ನೂ ಮುಟ್ಟಬೇಡಿ."

"ಸಂಶೋಧನೆ ಕಣೇ."

"ಬಚ್ಚಲಲ್ಲಿ ಮಾಡಿಕೊಳ್ಳಿ ಸಂಶೋಧನೆ."

ಮೆದುಹಿಕ್ಕೆಯ ದರ್ಶನ ಅಷ್ಟು ಸುಲಭವಲ್ಲ. ಮನೆಯೆಲ್ಲ ಸದ್ದಡಗಿದ ಹೊತ್ತಿನಲ್ಲಿ, ನಮ್ಮಲ್ಲಿ ಬೆಳಗಿನ ಜಾವಕ್ಕೆ, ಮೊಲ ತಲೆ ಬಗ್ಗಿಸಿ ತನ್ನ ಹಿಂಭಾಗಕ್ಕೇ ಬಾಯಿಟ್ಟು, ಬಂದದ್ದನ್ನು ನೆಲ ಮುಟ್ಟುವ ಮೊದಲೇ ನುಂಗಿಬಿಡುತ್ತದೆ. ಮೂರು ವಾರ ನಾನು ಇದನ್ನು ಸೂರ್ಯನಮಸ್ಕಾರದ ಒಂದು ಭಂಗಿ ಎಂದೇ ಬರೆದುಕೊಂಡಿದ್ದೆ. ಒಮ್ಮೆ ಮಾತ್ರ ಒಂದು ಗೊಂಚಲು ನೆಲದ ಮೇಲೆ ಸಿಕ್ಕಿತು. ರಾಮನಗರದ ಕಡೆ ರೇಷ್ಮೆ ಹುಳು ಸಾಕಿದವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಥೇಟ್ ಹಿಪ್ಪುನೇರಳೆ ಹಣ್ಣು. ಪುಟ್ಟ ಪುಟ್ಟ ಗುಳಿಗೆಗಳು ಒಂದಕ್ಕೊಂದು ಅಂಟಿಕೊಂಡು, ಮೇಲೆ ಲೋಳೆಯ ಹೊಳಪು. ವಾಸನೆ ಮಾತ್ರ ಹಣ್ಣಿನದ್ದಲ್ಲ. ಇದು ತಿನ್ನುವುದಕ್ಕೇ ಹಾಕಿದ್ದು ಎಂಬುದನ್ನು ಪತ್ತೆ ಮಾಡಿದವಳು ನನ್ನ ಹೆಂಡತಿ. ಗಾಬರಿಯಿಂದ ಪುಣೆಗೆ ಫೋನು ಮಾಡಿದಳು. "ಅಮ್ಮಾ, ಅದು ತಿನ್ನೋದು ಸರೀನೇ. ತಿನ್ನದೇ ಇದ್ದರೆ ಫೋನ್ ಮಾಡು" ಎಂದು ಮಗಳು ಇಟ್ಟೇಬಿಟ್ಟಳು.

ಈ ವಿಷಯದಲ್ಲಿ ಪೂರ್ವಸೂರಿಗಳು ಎಡವಿರುವುದನ್ನು ವಿಷಾದದಿಂದ ದಾಖಲಿಸಬೇಕು. ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯ, ಮೊಲ ಮೆಲುಕು ಹಾಕುತ್ತದಾದರೂ ಅದಕ್ಕೆ ಸೀಳುಗೊರಸಿಲ್ಲ, ಆದ್ದರಿಂದ ಅಶುದ್ಧ ಎಂದು ತೀರ್ಪು ಕೊಟ್ಟಿತು. ಮೊಲಕ್ಕೆ ಹಸುವಿನಂತೆ ನಾಲ್ಕು ಕೋಣೆಯ ಹೊಟ್ಟೆ ಎಲ್ಲಿಯದು? ಆದರೂ ಆ ಪ್ರಾಚೀನರನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬಾರದು. ಹಸು ಮೇಲಿನ ದಾರಿಯಿಂದ ವಾಪಸ್ಸು ತರಿಸಿಕೊಳ್ಳುವುದನ್ನು ಮೊಲ ಕೆಳಗಿನ ದಾರಿಯಿಂದ ತರಿಸಿಕೊಳ್ಳುತ್ತದೆ, ವ್ಯತ್ಯಾಸ ಮಾರ್ಗದ್ದು. 1882ರಲ್ಲಿ ಫ್ರಾನ್ಸಿನ ಮೊರೊ ಎಂಬ ಪಶುವೈದ್ಯರು ಹಿಕ್ಕೆ ಎರಡು ಬಗೆ, ಒಂದನ್ನು ಮೊಲವೇ ತಿನ್ನುತ್ತದೆ ಎಂದು ಬರೆದು ಹಾಕಿದರು. ಅವರ ಮನೆಯಲ್ಲಿ ಯಾರು ಏನಂದರೋ ತಿಳಿಯದು.

ಮೊಲಕ್ಕೆ ಈ ಸುತ್ತಾಟವೆಲ್ಲ ಏಕೆ? ಮೊಲದ ಹೊಟ್ಟೆಯನ್ನು ಒಂದು ಛತ್ರ ಎಂದುಕೊಳ್ಳಿ. ಕಟ್ಟಿದ ಮೇಸ್ತ್ರಿ ಎಡವಟ್ಟು ಮಾಡಿದ್ದಾನೆ: ಊಟದ ಮನೆ ಮುಂದಿದೆ, ಅಡುಗೆಮನೆ ಹಿಂದಿದೆ, ನಡುವೆ ವಾಪಸ್ಸು ಬರಲು ದಾರಿಯಿಲ್ಲ. ಸತ್ವವನ್ನು ಹೀರಿಕೊಳ್ಳುವ ಸಣ್ಣ ಕರುಳು ಮೊದಲು ಸಿಗುತ್ತದೆ. ಹುಲ್ಲನ್ನು ಹುದುಗಿಸುವ ಸೀಕಮ್ ಎಂಬ ದೊಡ್ಡ ಚೀಲ ಆಮೇಲೆ. ಜೀರ್ಣಾಂಗದ ಒಟ್ಟು ಗಾತ್ರದಲ್ಲಿ ನೂರಕ್ಕೆ ಸುಮಾರು 40 ಪಾಲು ಈ ಚೀಲವೇ. ಅದರ ಬಾಗಿಲ ಬಳಿ ದೊಡ್ಡ ಕರುಳು ಜರಡಿ ಹಿಡಿದು ಕೂತಿರುತ್ತದೆ. ಒರಟು ನಾರನ್ನು ಮುಂದಕ್ಕೆ ತಳ್ಳಿ ಒಣಹಿಕ್ಕೆ ಮಾಡಿ ಸಾಗಹಾಕುತ್ತದೆ. ನುಣ್ಣನೆಯ ಪುಡಿಯನ್ನೂ ನೀರನ್ನೂ ಹಿಂದಕ್ಕೆ ನೂಕಿ ಚೀಲಕ್ಕೆ ತುಂಬುತ್ತದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಇಡ್ಲಿ ಹಿಟ್ಟಿನಂತೆ ಹುಳಿಬರಿಸಿ, ಬಿ ಗುಂಪಿನ ವಿಟಮಿನ್ನುಗಳನ್ನೂ ಪ್ರೋಟೀನನ್ನೂ ತಯಾರಿಸುತ್ತವೆ. ಅಡುಗೆ ಸಿದ್ಧ, ಆದರೆ ಊಟದ ಮನೆ ಆಗಲೇ ದಾಟಿಹೋಗಿದೆ. ಇನ್ನೇನು, ಹಿತ್ತಿಲ ಬಾಗಿಲಿಂದ ಹೊರಬಿದ್ದು, ಬೀದಿ ಬಳಸಿ, ಮುಂಬಾಗಿಲಿಂದ ಮತ್ತೆ ಒಳಗೆ ಬರಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಮೊಲದ ವಿಷಯದಲ್ಲಿ ವಿನಾಯಿತಿ ಕೊಡಲೇಬೇಕು.

ವೈಯಾಕರಣನಾದ ನನಗೆ ಇಲ್ಲಿ ಹೆಸರು ಹುಡುಕಲು ತಡವಾಗಲಿಲ್ಲ. ಒಂದೇ ಪದವನ್ನು ಎರಡು ಸಲ ಹೇಳಿದರೆ ದ್ವಿರುಕ್ತಿ. ಒಂದೇ ಊಟವನ್ನು ಎರಡು ಸಲ ಉಂಡರೆ ದ್ವಿರ್ಭುಕ್ತಿ. ಇನ್ನೊಂದು ಸ್ವಾರಸ್ಯ: ಹುಲ್ಲನ್ನು ನುಣ್ಣಗೆ ಅರೆಯುವ ಮೊಲ ಮೆದುಹಿಕ್ಕೆಗೆ ಹಲ್ಲು ತಾಗಿಸುವುದಿಲ್ಲ. ಲೋಳೆಯ ಹೊದಿಕೆ ಹರಿದರೆ ಒಳಗಿನ ಜೀವಿಗಳು ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಸಾಯುತ್ತವೆ, ಅದಕ್ಕೆ ಇಡಿಯಾಗಿ ನುಂಗುತ್ತದೆ. ನಾನು ಮಂಡ್ಯ ಕಡೆಯವನು. ರಾಗಿಮುದ್ದೆಯನ್ನು ಅಗಿಯುವ ಸೊಸೆಯನ್ನು ನೋಡಿ ನಮ್ಮಜ್ಜಿ ನಿಟ್ಟುಸಿರು ಬಿಡುತ್ತಿದ್ದರು. ಅವರು ಇದ್ದಿದ್ದರೆ ಶಶಾಂಕನನ್ನು ತೋರಿಸಿ ಎಲ್ಲರಿಗೂ ಪಾಠ ಹೇಳುತ್ತಿದ್ದರು. ಅಂದಹಾಗೆ, ತಾಯಿಮೊಲ ಗೂಡಿನಲ್ಲಿ ನಾಲ್ಕಾರು ಹಿಕ್ಕೆ ಬಿಟ್ಟುಹೋಗುತ್ತದೆ, ಮರಿಗಳು ಅದನ್ನು ಮೆದ್ದು ಹೊಟ್ಟೆಯ ಜೀವಿಗಳನ್ನು ಪಡೆಯುತ್ತವೆ. ಬಾಯಿಂದ ಬಾಯಿಗೆ ಸಾಗಿದ ಗುರುಪರಂಪರೆ ನಮಗೆ ಗೊತ್ತು. ಇದರಲ್ಲಿ ಗುರುವಿನ ಕಡೆಯ ತುದಿ ಬೇರೆ.

ಈಗ ಪ್ರಬಂಧದ ತಿರುಳು. ಹಿಕ್ಕೆಯ ದೋಷಗಳನ್ನು ಕನ್ನಡ ಸಂಧಿಗಳಂತೆ ಆಗಮ, ಆದೇಶ, ಲೋಪ ಎಂದು ಮೂರಾಗಿ ವಿಂಗಡಿಸಬೇಕೆಂಬುದು ನನ್ನ ಸಿದ್ಧಾಂತ.

ಮನೆ ಮತ್ತು ಅನ್ನು ಸೇರುವಾಗ ನಡುವೆ ಯಕಾರ ನುಸುಳುವಂತೆ, ಎರಡು ಹಿಕ್ಕೆಗಳ ನಡುವೆ ಕೂದಲೆಳೆ ನುಸುಳಿ ಸರ ಕಟ್ಟಿದರೆ ಅದು ಆಗಮ. ಕೂದಲು ಉದುರುವ ಕಾಲದಲ್ಲಿ ಮೊಲ ಮೈ ನೆಕ್ಕಿ ನೆಕ್ಕಿ ನುಂಗಿದ್ದು ಹೀಗೆ ಜಪಮಾಲೆಯಾಗಿ ಹೊರಬರುತ್ತದೆ. ಬೆಕ್ಕಿನಂತೆ ಕಕ್ಕಿಬಿಡೋಣ ಎಂದರೆ ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ದಿನಾ ಬಾಚುವುದು, ಹುಲ್ಲು ಹೆಚ್ಚು ಹಾಕುವುದು, ಇಷ್ಟೇ ಉಪಾಯ. ಈ ಪ್ರಕರಣದಲ್ಲಿ ಕೇಶವೇ ರಾಜ ಎಂಬುದನ್ನು ಬಲ್ಲವರು ಗಮನಿಸಿ ನಗಬೇಕು.

ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಕಕಾರ ಇರಬೇಕಾದಲ್ಲಿ ಗಕಾರ ಬಂದು ಕೂರುತ್ತದೆ. ಹಾಗೆಯೇ ಒಣಹಿಕ್ಕೆ ಇರಬೇಕಾದ ಕಡೆ ಮೆದುಹಿಕ್ಕೆ ಬಂದು ಕೂತರೆ ಆದೇಶ. ನಮ್ಮಲ್ಲಿ ಅದು ಹಾಲ್‌ನ ಚಾಪೆ ಮೇಲೆ, ಮೊಲದ ಹಿಂಭಾಗದ ಬಿಳಿ ಕೂದಲಿಗೆ, ಒಮ್ಮೆ ನನ್ನ ಪಂಚೆಗೂ ಬಂದು ಕೂತಿತು. ಮೊಲ ತನ್ನ ಎರಡನೇ ಪಂಕ್ತಿಯ ಊಟವನ್ನು ಬಿಟ್ಟಿದೆ ಎಂದರೆ ಮೊದಲ ಪಂಕ್ತಿ ಭರ್ಜರಿಯಾಗಿದೆ ಎಂದರ್ಥ, ಅಥವಾ ದಪ್ಪಗಾಗಿ ಬಾಯಿ ಅಲ್ಲಿಗೆ ಎಟುಕುತ್ತಿಲ್ಲ. ವಿಚಾರಣೆ ನಡೆಸಿದಾಗ, ಮಧ್ಯಾಹ್ನ ನಾನು ಮಲಗಿದ ಮೇಲೆ ಕ್ಯಾರೆಟ್ಟೂ ಮಾರಿ ಬಿಸ್ಕತ್ತೂ ಸರಬರಾಜಾಗುತ್ತಿದ್ದದ್ದು ಬಯಲಾಯಿತು. "ಮೊಲ ಅಂದಮೇಲೆ ಕ್ಯಾರೆಟ್ ತಿನ್ನಬೇಡವಾ? ಪುಸ್ತಕದಲ್ಲೆಲ್ಲ ತಿಂತಿರುತ್ತಲ್ಲ" ಎಂದಳು ಹೆಂಡತಿ. ಪುಸ್ತಕದ ಚಿತ್ರವನ್ನು ನಂಬಿದ ವಿದ್ವಾಂಸರನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಸಕ್ಕರೆ, ಹಿಟ್ಟು ಆ ಚೀಲದೊಳಗಿನ ಜೀವಿಗಳ ಲೆಕ್ಕವನ್ನೇ ತಪ್ಪಿಸುತ್ತವೆ. ಮೊಲದ ಊಟದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಹುಲ್ಲೇ ಇರಬೇಕು. ಬೆಳೆಯುತ್ತಲೇ ಇರುವ ಹಲ್ಲು ಸವೆಯುವುದಕ್ಕೂ ಅದೇ, ಕರುಳು ನಡೆಯುವುದಕ್ಕೂ ಅದೇ. ಕರುಳಿನ ಬಂಡಿಯನ್ನು ತಳ್ಳುವುದು ಜೀರ್ಣವಾಗದ ನಾರೇ. ಅಂದಿನಿಂದ ಒಣಹುಲ್ಲಿನ ಜೊತೆಗೆ ಗರಿಕೆಯೂ ಬರತೊಡಗಿತು. ಗಣೇಶ ಚೌತಿಯ ವಾರ ಮಾತ್ರ ಗರಿಕೆಯ ಬೆಲೆ ಕೇಳಿ ಶಶಾಂಕನೂ ದೇವರೂ ನನ್ನ ಜೇಬಿನಲ್ಲಿ ಪೈಪೋಟಿ ನಡೆಸಿದರು. ನೀರು ನೀರಾಗಿ ಹೋದರೆ ಅದು ಆದೇಶವಲ್ಲ, ಭೇದಿ. ಆಗ ವ್ಯಾಕರಣ ಬಿಟ್ಟು ಆಟೋ ಹಿಡಿಯಬೇಕು.

ಉಳಿದದ್ದು ಲೋಪ. ಇದಕ್ಕೆ ಉದಾಹರಣೆ ತೋರಿಸಲು ಬರುವುದಿಲ್ಲ, ಏನೂ ಇಲ್ಲದಿರುವುದೇ ಉದಾಹರಣೆ.

ದೀಪಾವಳಿಯ ರಾತ್ರಿ ಕೆಳಗಿನ ರಸ್ತೆಯಲ್ಲಿ ಹನ್ನೆರಡರವರೆಗೆ ಪಟಾಕಿ ಹೊಡೆದರು. ಬೆಳಿಗ್ಗೆ ಪೊರಕೆ ಹಿಡಿದು ಹೋದರೆ ಗುಡಿಸಲು ಏನೂ ಇರಲಿಲ್ಲ. ಮೊಲ ಮೂಲೆಯಲ್ಲಿ ಮುದುರಿ ಕೂತು ಹಲ್ಲು ಕಡಿಯುತ್ತಿತ್ತು. ಗರಿಕೆಯನ್ನು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿತು. ಮೊಲ ಇನ್ನೊಬ್ಬರ ಬಾಯಿಗೆ ಆಹಾರವಾಗಿ ಬದುಕಿದ ಜಾತಿ, ನೋವನ್ನು ತೋರಿಸಿಕೊಂಡರೆ ಹೋದಂತೆಯೇ. ಅದು ನಮಗೆ ಬರೆದು ತಿಳಿಸುವುದೆಲ್ಲ ನೆಲದ ಮೇಲೆ, ಆ ದಿನ ನೆಲ ಖಾಲಿ. ಪಕ್ಕದ ಮನೆಯವರು ತಮ್ಮಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲು ತಂದರು. "ಅಪ್ಪಾ, ಅದನ್ನ ಬಾಯಿಗೆ ಹಾಕಬೇಡ, ಹೊಟ್ಟೇಲಿರೋ ಒಳ್ಳೆ ಬ್ಯಾಕ್ಟೀರಿಯಾನೇ ಸತ್ತು ಮೊಲಾನೂ ಸಾಯುತ್ತೆ" ಎಂದು ಫೋನಿನಲ್ಲಿ ಮಗಳು ಕಿರುಚಿದಳು. ಮೊದಲು ಹೋದ ಕ್ಲಿನಿಕ್ಕಿನಲ್ಲಿ ನಾಳೆವರೆಗೆ ನೋಡಿ ಎಂದರು. ಹನ್ನೆರಡು ಗಂಟೆ ಊಟವೂ ಇಲ್ಲ ಹಿಕ್ಕೆಯೂ ಇಲ್ಲ ಎಂದರೆ ಮೊಲಕ್ಕೆ ನಾಳೆ ಎಂಬುದಿಲ್ಲ ಎಂದು ಮಗಳು ಊರಾಚೆಯ ಇನ್ನೊಬ್ಬ ಡಾಕ್ಟರ ವಿಳಾಸ ಕೊಟ್ಟಳು. ಅವರು ಎಕ್ಸ್‌ರೇ ತೆಗೆದು, ಏನೂ ಅಡ್ಡ ಸಿಕ್ಕಿಕೊಂಡಿಲ್ಲವೆಂದು ಖಚಿತ ಮಾಡಿಕೊಂಡು, ಚರ್ಮದಡಿಗೆ ನೀರು ಕೊಟ್ಟು, ನೋವಿನ ಇಂಜೆಕ್ಷನ್ ಹಾಕಿ, ಹುಲ್ಲಿನ ಪುಡಿಯ ಗಂಜಿಯನ್ನು ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ ಎಂದು ಕಳಿಸಿದರು.

ಆ ರಾತ್ರಿ ಪಾಳಿಯ ಮೇಲೆ ಕೂತೆವು. ನನ್ನ ಪಾಳಿಯಲ್ಲಿ ನಾನು ನಿದ್ದೆ ಹೋದೆ.

"ರೀ! ಏಳಿ, ಬಂತು!"

ನಾಲ್ಕೂ ಇಪ್ಪತ್ತು. ಒಳಮೆಣಸಿನ ಕಾಳಿನಷ್ಟು, ಕಪ್ಪಗೆ, ಸೊಟ್ಟಗೆ, ಒಂದೇ ಒಂದು. ಮನೆಗೆ ಬಂದವರ ಚಪ್ಪಲಿಯನ್ನು ಮೆಟ್ಟಿಲ ಮೇಲೇ ಬಿಡಿಸುವ ನನ್ನ ಹೆಂಡತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ದೀಪದ ಕೆಳಗೆ ನಿಂತಿದ್ದಳು. ಮಗಳಿಗೆ ವಿಡಿಯೋ ಕಾಲ್ ಮಾಡಿದೆವು. ಅವಳೂ ಮಲಗಿರಲಿಲ್ಲ. "ಹತ್ತಿರ ಹಿಡಿ ಅಮ್ಮಾ, ಕಾಣ್ತಿಲ್ಲ" ಎಂದಳು. ಹೆಂಡತಿ ಹತ್ತಿರ ಹಿಡಿದಳು. ಅಷ್ಟರಲ್ಲಿ ಎರಡನೆಯದೂ ಬಿತ್ತು.

"ಸ್ವಲ್ಪ ಕಾಫಿ ಮಾಡ್ತೀನಿ" ಎಂದು ಅವಳು ಅಡುಗೆಮನೆಗೆ ಹೋದಳು. ಕೈ ತೊಳೆದೆಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.